ಮಾತಿಲ್ಲದ ಆಟ

ಅಜ್ಜಿ ಚಮಚ ಎತ್ತಿ ಸ್ಟೀಲ್ ಲೋಟಕ್ಕೆ ಟಣ್ಣನೆ ಬಡಿದರು. ಬೊಂಬೆಯಕ್ಕ ಆಗಷ್ಟೇ ಮೇಜಿನ ನಡುವೆ ಎಸೆದಿದ್ದ ಬಿದಿರಿನ ಚಿತ್ರದ ಕಾಯಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ತಮ್ಮಲ್ಲಿದ್ದ ಅಂಥವೇ ಎರಡರ ಪಕ್ಕಕ್ಕೆ ಜೋಡಿಸಿ, ಗೆದ್ದವರಂತೆ ಹುಬ್ಬು ಹಾರಿಸಿದರು. ಬೇರೆ ದಿನವಾಗಿದ್ದರೆ ಅವರು "ಪಾಂಗ್" ಎಂದು ಕೂಗುವ ಕೂಗಿಗೆ ಕೆಳಗಿನ ಮನೆಯವರು ತಲೆಯೆತ್ತಿ ಸೂರು ನೋಡಬೇಕಿತ್ತು. ಇವತ್ತು ಕೂಗುವಂತಿಲ್ಲ. ಮಾತಾಡಿದವರು ಅಷ್ಟೂ ಪಾತ್ರೆ ತೊಳೆಯಬೇಕು.

ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಈ ನಾಲ್ವರು ಇಲ್ಲಿ ಮಾಜಾಂಗ್ ಎಂಬ ಚೀನೀ ಕಾಯಿಯಾಟ ಆಡಲು ಸೇರುತ್ತಾರೆ. ಆಟ ಕಲಿಸಿದವರು ಮೇಲಿನ ಮನೆಯ ಅಜ್ಜಿ. ಕಾಯಿಗಳ ಪೆಟ್ಟಿಗೆಯೂ ಅವರದೇ, ಹಡಗಿನಲ್ಲಿ ಕೆಲಸಕ್ಕಿದ್ದ ಗಂಡ ಎಂದೋ ತಂದುಕೊಟ್ಟದ್ದು. ಮನೆ ಬೊಂಬೆಯಕ್ಕನದು. ಹೆಸರು ಕೇಳಿ ಅವಳು ಬೊಂಬೆಯಂತೆ ಚೆಂದ ಎಂದು ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ. ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ನಿಲ್ಲಿಸುವ ಬೊಂಬೆಗಳಿಗೆ ಬಟ್ಟೆ ತೊಡಿಸಿ, ಪಿನ್ನು ಚುಚ್ಚಿ, ಹಿಂದೆ ಪರದೆ ಕಟ್ಟುವುದು ಅವಳ ಕೆಲಸ. ಆ ಹುಚ್ಚು ಅಂಗಡಿಯಲ್ಲೇ ಬಿಟ್ಟು ಬರುವಂಥದ್ದಲ್ಲ. ಸುಮ್ಮನೆ ಕೂತು ಆಡಿದರೆ ಅವಳಿಗೆ ತಿಂದದ್ದು ಅರಗುವುದಿಲ್ಲ; ಪ್ರತಿ ಸಲಕ್ಕೂ ಒಂದು ಥೀಮು ಬೇಕು, ಅದಕ್ಕೆ ತಕ್ಕ ವೇಷ ಬೇಕು, ಮೇಜಿನ ಬಟ್ಟೆ ಬೇಕು.

ಈ ವರ್ಷ ಥೀಮು ಹೇಳಿಕೊಡುತ್ತಿದ್ದವಳು ಗುಬ್ಬಿ. ಹಲ್ಲಿನ ಡಾಕ್ಟರ ಹೆಂಡತಿ, ನಾಲ್ವರಲ್ಲಿ ಚಿಕ್ಕವಳು. ಬಾಯಿಗೆ ಬಿಡುವು ಕೊಡದ್ದಕ್ಕೆ ಆ ಹೆಸರು ಬಿದ್ದಿತ್ತು. ಸುಡುವ ಸೆಕೆಯಲ್ಲಿ "ಚಳಿಗಾಲ ಮಾಡೋಣ ಅಕ್ಕಾ" ಎಂದಳು. ಎಲ್ಲರೂ ಸ್ವೆಟರ್ ತೊಟ್ಟು, ಬೆವರಿ ನೀರಾಗಿ, ನಕ್ಕು ಸುಸ್ತಾದರು. ಆಮೇಲೆ ಹಳೇ ಸಿನಿಮಾ ನಾಯಕಿಯರು: ಮನೆಯೊಳಗೇ ಅಗಲದ ಕಪ್ಪು ಕನ್ನಡಕ ಏರಿಸಿಕೊಂಡು ಬೊಂಬೆಯಕ್ಕನ ಅತ್ತಿಗೆ, ಆಟದ ನಾಲ್ಕನೆಯವಳು, ಕೆಂಪು ಕಾಯಿಗೂ ಹಸಿರು ಕಾಯಿಗೂ ಭೇದ ತಿಳಿಯದೆ ಸೋತು ಸುಣ್ಣವಾದಳು. ಅದಾದ ಮೇಲೆ ಗಗನಸಖಿಯರು: ಎಲ್ಲರ ಕುತ್ತಿಗೆಗೂ ಬಿಗಿಯಾದ ಸ್ಕಾರ್ಫು. ಈ ಸಲ ಮಾತ್ರ ಗುಬ್ಬಿ ಫೋನ್ ಮಾಡಲಿಲ್ಲ, ಮೆಸೇಜು ಕಳಿಸಿದಳು. "ಅಕ್ಕಾ, ಈ ಸಲ ಮೌನ. ಯಾರೂ ತುಟಿ ಬಿಚ್ಚಬಾರದು. ಮಜಾ ಇರತ್ತೆ." ಬೊಂಬೆಯಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಬೂದು ಬಣ್ಣದ ಪರದೆ ಕಟ್ಟಿದಳು, ಗೋಡೆ ಗಡಿಯಾರದ ಸೆಲ್ಲು ತೆಗೆದಿಟ್ಟಳು, ಕೂಗುವುದರ ಬದಲಿಗೆಂದು ಒಬ್ಬೊಬ್ಬರ ಮುಂದೆಯೂ ಒಂದು ಲೋಟ, ಒಂದು ಚಮಚ ಇಟ್ಟಳು.

ಹೊಸದೇನೆಂದರೆ ಇವತ್ತು ಡಾಕ್ಟರೂ ಬಂದಿದ್ದರು. ಎಂದಿನಂತೆ ಹೆಂಡತಿಯನ್ನು ಬಾಗಿಲಲ್ಲಿ ಬಿಟ್ಟು ಹೋಗುವ ಬದಲು ಒಳಗೆ ಬಂದು ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತರು.

"ಇವಳು ಇಡೀ ಮಧ್ಯಾಹ್ನ ಬಾಯಿ ಮುಚ್ಕೊಂಡಿರೋದನ್ನ ಕಣ್ಣಾರೆ ನೋಡ್ಬೇಕು ಅಂತ ಬಂದೆ," ಎಂದು ನಕ್ಕರು. "ನೀವು ನಿಮ್ಮ ಪಾಡಿಗೆ ಆಡಿ. ನಾನಿಲ್ಲ ಅಂದ್ಕೊಳ್ಳಿ."

ಎಲ್ಲರೂ ನಕ್ಕಿದ್ದರು. ಊರಿಗೆಲ್ಲ ಬೇಕಾದ ಮನುಷ್ಯ. ಈ ಮೇಜಿನ ಸುತ್ತ ಕೂತವರಲ್ಲಿ ಅವರ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗದವರೇ ಇಲ್ಲ. ಬೊಂಬೆಯಕ್ಕನ ದವಡೆ ಹಲ್ಲಿಗೆ ಸದ್ಯಕ್ಕೆಂದು ಕೂರಿಸಿದ ಕ್ಯಾಪು ಕೂಡ ಅವರ ಕೈಯದೇ; ಗುರುವಾರ ಅದನ್ನು ಕಿತ್ತು ಗಟ್ಟಿಯದು ಹಾಕಬೇಕಿತ್ತು.

ಅಜ್ಜಿಯ ಪಾಂಗ್ ಆದ ಸ್ವಲ್ಪ ಹೊತ್ತಿಗೆ ಅತ್ತಿಗೆಗೆ ಸೀನು ಬಂತು. ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ದಿನವಿಡೀ ಗಂಟಲು ಬಳಸುವ ಹೆಂಗಸು; ಸೀನಿದರೆ ಅದು ಸಣ್ಣದಾಗಿರುವುದು ಹೇಗೆ? ಸೀನಿದ್ದೇ ಬಾಯಿ ಮುಚ್ಚಿಕೊಂಡು, ಇದು ಮಾತಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಕಣ್ಣಲ್ಲೇ ಕೇಳಿದಳು. ಅಜ್ಜಿ ಬಲು ಗಂಭೀರವಾಗಿ ಗಾಳಿಯಲ್ಲೇ ಬಾಣಲೆ ಉಜ್ಜಿ ತೋರಿಸಿದರು. ನಾಲ್ವರೂ ಸದ್ದಿಲ್ಲದೆ ನಕ್ಕರು, ಮೇಜು ಅಲುಗುವಂತೆ ನಕ್ಕರು.

ಗುಬ್ಬಿಯೂ ನಕ್ಕಳು. ಅವಳ ಕೈ ಬಾಯಿಗೆ ಬರುವುದು ಒಂದು ಗಳಿಗೆ ತಡವಾಯಿತು. ಮೂಗಿನಿಂದ ಸಣ್ಣಗೆ ನರಳಿದಂಥ ಸದ್ದು ಹೊರಟಿತು, ಕಣ್ಣಲ್ಲಿ ನೀರು ಚಿಮ್ಮಿತು. ಅವಳ ಮುಂದಿದ್ದ, ಏನೂ ಬರೆಯದ ಬಿಳಿ ಕಾಯಿಯ ಮೇಲೆ ಒಂದು ಹನಿ ಬಿತ್ತು. ಅದು ಕಣ್ಣೀರಲ್ಲ. ಗುಬ್ಬಿ ಹೆಬ್ಬೆರಳಿನಿಂದ ಒರೆಸಿದಾಗ ಕಾಯಿಯ ಮೇಲೆಲ್ಲ ತೆಳ್ಳಗೆ ಕೆಂಪು ಹರಡಿತು. ಅವಳು ಅದನ್ನು ಬೋರಲು ಹಾಕಿ, ಮೊದಲು ಸೋಫಾದ ಕಡೆ, ಆಮೇಲೆ ಬೊಂಬೆಯಕ್ಕನ ಕಡೆ ನೋಡಿದಳು.

ಅಂಗಡಿಯಲ್ಲಿ ಬೊಂಬೆಯ ಮೊಣಕೈ ಒಡೆದರೆ ಬೊಂಬೆಯಕ್ಕ ತುಂಬು ತೋಳಿನ ಬಟ್ಟೆ ಹುಡುಕುತ್ತಾಳೆ. ಕುತ್ತಿಗೆಯಲ್ಲಿ ಬಿರುಕು ಬಿಟ್ಟರೆ ಸ್ಕಾರ್ಫು. ಮುಖದ ಬಣ್ಣ ಎದ್ದುಹೋದದ್ದಕ್ಕೆ ದೊಡ್ಡ ಕನ್ನಡಕ. ಯಾವ ಬಟ್ಟೆ ಎಂದು ಮೊದಲು ಯೋಚಿಸುವುದೇ ಇಲ್ಲ. ಎಲ್ಲಿ ಒಡೆದಿದೆ ಎಂದು ನೋಡಿ ಆಮೇಲೆ ಬಟ್ಟೆ. ಇದನ್ನೇ ಹೊಟ್ಟೆಪಾಡು ಮಾಡಿಕೊಂಡವಳು, ಈ ವರ್ಷವಿಡೀ ತನ್ನ ಮನೆಯಲ್ಲೇ, ತನ್ನ ಕೈಯಾರೆ, ಪಿನ್ನು ಚುಚ್ಚಿ ಪರದೆ ಕಟ್ಟಿ ಮಾಡಿದ್ದೇನು? ಮುಂದಿನ ತಿಂಗಳ ಥೀಮು ಏನಿರಬಹುದು ಎಂಬ ಯೋಚನೆ ತಾನಾಗಿ ಬಂತು.

ಖಾಲಿ ಜಗ್ಗು ಹಿಡಿದು ಅವಳು ಅಡುಗೆಮನೆಗೆ ನಡೆದಳು. ಬಿಸ್ಕತ್ತಿನ ತಟ್ಟೆಯ ನೆಪ ಮಾಡಿಕೊಂಡು ಅತ್ತಿಗೆಯೂ ಹಿಂದೆಯೇ ಬಂದಳು. ಬೊಂಬೆಯಕ್ಕ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

"ಅತ್ತಿಗೆ, ಅವಳ ಬಾಯಿ ನೋಡಿದ್ರಾ?"

"ನೋಡ್ದೆ. ಕೆಳಗಡೆ ಒಂದು ಹಲ್ಲಿಲ್ಲ. ದವಡೆ ಊದ್ಕೊಂಡಿದೆ, ಮೇಲೆ ಪೌಡರ್ ಮೆತ್ತಿದ್ದಾಳೆ. ಬಂದಾಗಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಅವಳು."

"ಎಲ್ಲಾದ್ರೂ ಬಿದ್ದಿರಬಹುದಾ?"

"ಹಲ್ಲಿನ ಡಾಕ್ಟರ ಹೆಂಡ್ತಿ ಬಿದ್ದು ಹಲ್ಲು ಮುರ್ಕೊಂಡ್ರೆ ಅದನ್ನ ಮುಚ್ಚಿಡ್ತಾಳೇನೇ? ಊರಿಗೆಲ್ಲ ಹಲ್ಲು ಕಟ್ಟೋನು ಮನೇಲೇ ಇದ್ದಾನೆ."

"ಚಳಿಗಾಲ ಮಾಡಿದ್ವಲ್ಲ. ಅವತ್ತು ಅವಳ ತೋಳು ನಾವ್ಯಾರಾದ್ರೂ ನೋಡಿದ್ವಾ?"

ಅತ್ತಿಗೆಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಕಟ್ಟೆಯನ್ನೇ ಹಿಡಿದುಕೊಂಡಳು.

"ದಿನಾ ಹತ್ತು ಜನರ ಹತ್ರ ಜಗಳ ಆಡೋಳು ನಾನು," ಎಂದಳು. "ನನಗೇ ಭಯ ಆಗ್ತಿದೆ ನೋಡು."

"ಏನ್ಮಾಡೋಣ ಈಗ?"

"ಅವನ ಜೊತೆ ಕಳಿಸಬಾರದು. ಅಷ್ಟು ಗೊತ್ತು. ಹೇಗೆ ಅಂತ ನನ್ನ ಕೇಳಬೇಡ."

ನೀರಿನ ಸದ್ದಿನಲ್ಲಿ ಹೆಜ್ಜೆ ಕೇಳಿಸಿರಲಿಲ್ಲ. ಡಾಕ್ಟರು ಅಡುಗೆಮನೆ ಬಾಗಿಲಿಗೆ ಭುಜ ಒರಗಿಸಿ ನಿಂತಿದ್ದರು.

"ಸಿಕ್ಕಿಬಿದ್ರಿ," ಎಂದರು. "ಪಾತ್ರೆ ಇನ್ನು ನಿಮ್ಮಿಬ್ರದ್ದೇ."

ಅತ್ತಿಗೆ ನಗಲು ಹೋದಳು, ಬರಲಿಲ್ಲ. ಡಾಕ್ಟರು ಒಳಗೆ ಬಂದು ನಲ್ಲಿ ನಿಲ್ಲಿಸಿದರು. ನೀರು ಪೋಲಾಗುವುದನ್ನು ಸಹಿಸದ ಮನೆಯ ಯಜಮಾನರಂತೆ, ಸಾವಕಾಶವಾಗಿ. ಈ ಮನೆಯ ಯಜಮಾನ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಸಂಜೆ ಮುಗಿಯದೆ ಬರುವವನಲ್ಲ.

"ಕ್ಯಾಪು ಹೇಗಿದೆ?" ಎಂದು ಬೊಂಬೆಯಕ್ಕನನ್ನು ಕೇಳಿದರು. "ಎಲ್ಲಿ, ಆ ಅನ್ನಿ."

ಅವರ ಬೆರಳು ಅವಳ ಗಲ್ಲದ ಕೆಳಗೆ ಬಂದಾಗಿತ್ತು. ಸೋಪಿನ ವಾಸನೆಯ, ಉಗುರು ಒಪ್ಪವಾಗಿ ಕತ್ತರಿಸಿದ ಬೆರಳು. ಬೇಡ ಎನ್ನಬೇಕು, ಹಿಂದೆ ಸರಿಯಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ಬಾಯಿ ತೆರೆದಳು. ತನ್ನ ಅಡುಗೆಮನೆಯಲ್ಲಿ, ಅತ್ತಿಗೆಯ ಎದುರು, ಹೇಳಿದ ಮಾತು ಕೇಳುವ ಮಗುವಿನಂತೆ ಬಾಯಿ ತೆರೆದು ನಿಂತಳು. ಡಾಕ್ಟರು ಬಗ್ಗಿ ನೋಡಿದರು.

"ಚೆನ್ನಾಗಿ ಕೂತಿದೆ. ಗಟ್ಟಿ ಪದಾರ್ಥ ಕಚ್ಚೋಕೆ ಹೋಗಬೇಡಿ. ಬಿಟ್ಟು ಬಂದ್ರೆ ತುಂಬಾ ನೋವಾಗತ್ತೆ." ಗಲ್ಲ ಬಿಟ್ಟು ಕೈ ಒರೆಸಿಕೊಂಡರು. "ಗುರುವಾರ ಮರೀಬೇಡಿ."

ಮತ್ತೆ ಮೇಜಿಗೆ ಬಂದು ಕೂತಾಗ ಬೊಂಬೆಯಕ್ಕನಿಗೆ ತನ್ನ ಕಾಯಿಗಳು ಯಾವುವೆಂದೇ ತಿಳಿಯಲಿಲ್ಲ. ಗಲ್ಲದ ಕೆಳಗೆ ಆ ಬೆರಳು ಇನ್ನೂ ಇದ್ದಂತಿತ್ತು. ಅಷ್ಟಕ್ಕೇ ತನ್ನ ನಾಲಿಗೆ ಒಣಗಿತಲ್ಲ, ಈ ಹುಡುಗಿ ದಿನಾ ಆ ಮನೆಯ ಬಾಗಿಲು ಹೇಗೆ ದಾಟುತ್ತಾಳೆ ಎಂದುಕೊಂಡಳು. ಗುಬ್ಬಿ ತಲೆ ತಗ್ಗಿಸಿ, ಸರದಿ ಬಂದಾಗ ಒಂದು ಕಾಯಿ ತೆಗೆದು ಒಂದು ಕಾಯಿ ಎಸೆಯುತ್ತಿದ್ದಳು. ಯಾರು ಎಸೆದದ್ದಕ್ಕೂ ಅವಳು ಚಮಚ ಮುಟ್ಟಲಿಲ್ಲ. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಬೋರಲು ಬಿದ್ದಿದ್ದ ಆ ಕಾಯಿಯನ್ನು ಬೆರಳ ತುದಿಯಿಂದ ಎತ್ತಿ ನೋಡಿ, ಮೊದಲಿದ್ದಂತೆಯೇ ಇಟ್ಟರು. ಆಮೇಲೆ ಅವರ ಹುಬ್ಬು ಹಾರಲಿಲ್ಲ.

ಗೆದ್ದದ್ದು ಅಜ್ಜಿಯೇ. ತಮ್ಮ ಕಾಯಿಗಳನ್ನೆಲ್ಲ ಮಲಗಿಸಿ ತೋರಿಸಿದರು. ಡಾಕ್ಟರು ಸೋಫಾದಿಂದ ಚಪ್ಪಾಳೆ ತಟ್ಟುತ್ತ ಎದ್ದರು.

"ಮುಗೀತಲ್ಲ. ಹೊರಡೋಣ."

ಗುಬ್ಬಿ ತಕ್ಷಣ ಎದ್ದಳು. ಚೀಲ ಹೆಗಲಿಗೇರಿತು. ಅವಳು ಎದ್ದ ಆ ರೀತಿ, ಕುರ್ಚಿ ಸದ್ದಾಗದಂತೆ ಅದನ್ನು ಎತ್ತಿ ಹಿಂದಿಟ್ಟ ರೀತಿ ನೋಡಿ ಬೊಂಬೆಯಕ್ಕನಿಗೆ ತಡೆಯಲಾಗಲಿಲ್ಲ.

"ಇನ್ನೊಂದು ಆಟ ಇದೆ ಡಾಕ್ಟ್ರೇ." ಹೇಳಬೇಕೆಂದುಕೊಂಡದ್ದು ಇದಲ್ಲ. ದನಿಯೂ ಅವಳದಲ್ಲ, ಒಡೆದು ಬಂತು.

"ಓ, ನೀವು ಮತ್ತೆ ಮಾತಾಡಿದ್ರಿ." ಡಾಕ್ಟರು ಬೆರಳು ಆಡಿಸಿದರು. "ಎಷ್ಟೊತ್ತಾಗತ್ತೆ?"

"ಹೇಳೋಕಾಗಲ್ಲ. ಅವಳು ಇವತ್ತು ಇಲ್ಲೇ ಇರಲಿ. ಇಲ್ಲೇ ಮಲಗಲಿ." ಬೊಂಬೆಯಕ್ಕ ಗುಬ್ಬಿಯ ಕುರ್ಚಿಯನ್ನು ಮತ್ತೆ ಮೇಜಿನ ಬಳಿಗೆ ಎಳೆದಳು. "ನೀವು ಹೊರಡಿ."

ಡಾಕ್ಟರು ಅವಳನ್ನು ನೋಡಿದರು. ನಗು ಇದ್ದಲ್ಲೇ ಇತ್ತು. ನಗು ಇದ್ದ ಹಾಗೆಯೇ ಆ ಕಣ್ಣುಗಳು ಅವಳ ಬಾಯಿಯ ಮೇಲೆ ನಿಂತವು, ಅಲ್ಲಿಂದ ಅತ್ತಿಗೆಯ ಮೇಲೆ, ಅಜ್ಜಿಯ ಮೇಲೆ ಹೋದವು. ಎಲ್ಲರನ್ನೂ ನೆನಪಿಟ್ಟುಕೊಳ್ಳುತ್ತಿದ್ದಂತಿತ್ತು.

"ನನ್ನದೇನೂ ಅಡ್ಡಿಯಿಲ್ಲ," ಎಂದರು. "ಅವಳನ್ನೇ ಕೇಳಿ. ಇರ್ತೀಯಾ, ಪುಟ್ಟಾ?"

ಮೂವರೂ ಗುಬ್ಬಿಯ ಕಡೆ ತಿರುಗಿದರು. ಗುಬ್ಬಿ ನೆಲ ನೋಡುತ್ತ ನಿಂತಳು. ಅವಳು ಬಾಯಿ ತೆರೆಯಲಾರಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪ್ರಶ್ನೆ ಕೇಳಿದ ಡಾಕ್ಟರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ನೋಡಿದ್ರಲ್ಲ. ಕಾರು ತಿರುಗಿಸಿ ನಿಲ್ಲಿಸಿರ್ತೀನಿ, ಬಾ."

ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಇಳಿದುಹೋಯಿತು. ಅತ್ತಿಗೆ ಓಡಿಹೋಗಿ ಬಾಗಿಲಿಗೆ ಚಿಲಕ ಹಾಕಿ, ಚಿಲಕಕ್ಕೇ ಬೆನ್ನು ಕೊಟ್ಟು ನಿಂತಳು. ಗುಬ್ಬಿ ಅವಳ ಮುಂದೆ ಹೋಗಿ ನಿಂತು, ತೆಗಿ ಎಂಬಂತೆ ಕೈ ತೋರಿಸಿದಳು. ತಡವಾದಷ್ಟೂ ಕಷ್ಟ ಎಂದು ಆ ಕೈ ಹೇಳುತ್ತಿತ್ತು.

"ಬೇಡ ಕಣೇ," ಎಂದಳು ಅತ್ತಿಗೆ. ಅವಳ ಕೌಂಟರಿನ ಗಂಟಲು ಅಷ್ಟೇ ಕೆಲಸ ಮಾಡಿತು.

ಆಗ ಅಜ್ಜಿ ಎರಡೂ ತೋಳಿನಿಂದ ಮೇಜಿನ ಕಾಯಿಗಳನ್ನೆಲ್ಲ ನಡುವಿಗೆ ಎಳೆದು ಕಲೆಸತೊಡಗಿದರು.

"ಮಗಳೇ, ನಾಲ್ಕು ಜನ ಇಲ್ಲದೆ ಈ ಆಟ ಆಗಲ್ಲ," ಎಂದರು. "ಒಂದಾಟ ಕೂತ್ಕೋ. ಆಮೇಲೆ ಹೋಗೋದಾದ್ರೆ ಹೋಗು. ನಿನ್ನ ಕಡೆ ಗೋಡೆ ಕಟ್ಟು."

ಗುಬ್ಬಿ ಬಹಳ ಹೊತ್ತು ಬಾಗಿಲು ನೋಡಿದಳು. ಆಮೇಲೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಚೀಲ ಹೆಗಲಿಂದ ಇಳಿಯಲಿಲ್ಲ. ಎಂಟು ಕೈಗಳು ಕಾಯಿಗಳನ್ನು ಬೋರಲು ಮಾಡಿ, ಒಂದರ ಮೇಲೊಂದು ಜೋಡಿಸಿ, ನಾಲ್ಕು ಕಡೆಯಿಂದಲೂ ಗಿಡ್ಡ ಗೋಡೆ ಕಟ್ಟಿದವು. ಕೆಳಗೆ ಹಾರನ್ ಒಮ್ಮೆ ಕೂಗಿತು, ನೆನಪಿಸುವಂತೆ, ಮೆತ್ತಗೆ. ಕಾಯಿ ಹಂಚಿದರು. ಅಜ್ಜಿ ಒಂದು ಎಸೆದರು, ಅತ್ತಿಗೆ ಬಾಗಿಲ ಕಡೆ ಕಿವಿ ಇಟ್ಟುಕೊಂಡೇ ಒಂದು ಎಸೆದಳು. ಹಾರನ್ ಮತ್ತೆ ಕೂಗಿತು. ಈ ಸಲ ಅದು ನಿಲ್ಲಲಿಲ್ಲ. ಎದುರು ಮನೆಯ ಕಿಟಕಿ ತೆರೆದ ಸದ್ದಾದ ಮೇಲೆ ನಿಂತಿತು. ಕಾರಿನ ಬಾಗಿಲು ಬಡಿಯಿತು.

ಬೊಂಬೆಯಕ್ಕ ಕೈಗೆ ಸಿಕ್ಕ ಕಾಯಿಯನ್ನು ನೋಡದೆಯೇ ನಡುವೆ ಇಟ್ಟಳು. ಅದರ ಮೇಲೆ ಮೂರು ದುಂಡು ಚಕ್ರಗಳಿದ್ದವು.

"ಪಾಂಗ್."

ಅದು ಪಾಂಗ್ ಎಂದು ತಿಳಿಯುವುದೇ ಕಷ್ಟವಿತ್ತು. ತುಟಿಗಳು ಸೇರಿರಲಿಲ್ಲ, ದವಡೆ ಒಂದು ಕಡೆಗೆ ವಾಲಿತ್ತು, ಗಾಳಿಯೇ ಹೆಚ್ಚು. ಗುಬ್ಬಿ ಬಾಯಿ ಮುಚ್ಚಿಕೊಳ್ಳಲಿಲ್ಲ. ಮೂವರೂ ನೋಡುವಂತೆ, ಕಪ್ಪುಗಟ್ಟಿದ ಒಸಡು, ಹಲ್ಲಿಲ್ಲದ ಜಾಗ ಎಲ್ಲ ಕಾಣುವಂತೆ ಹಾಗೆಯೇ ಇಟ್ಟುಕೊಂಡಿದ್ದಳು.

ಬೊಂಬೆಯಕ್ಕ ಕಾಯಿಯನ್ನು ಅವಳ ಕಡೆ ಸರಿಸಿದಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತತೊಡಗಿತು. ಗುಬ್ಬಿ ಹೆಗಲಿನ ಚೀಲ ತೆಗೆದು ಕುರ್ಚಿಯ ಕಾಲಿನ ಬಳಿ ಇಟ್ಟಳು. ಆಮೇಲೆ ಮೂರು ಕಾಯಿಗಳನ್ನೂ ಮುಖ ಮೇಲೆ ಮಾಡಿ, ಒಂದಕ್ಕೊಂದು ತಾಗುವಂತೆ, ಮೇಜಿನ ಅಂಚಿನಲ್ಲಿ ಸಾಲಾಗಿ ಜೋಡಿಸಿದಳು.