ಉಸಿರಾಡುತ್ತಿದ್ದ ತುಪ್ಪಳ

ಈ ತಿಂಗಳ ಕೊನೆಗೆ ನನ್ನ ಅಣ್ಣನಿಗೆ ಸನ್ಮಾನ. ನಲವತ್ತೆಂಟು ವರ್ಷದ ಹಿಂದೆ ಅವನು ಮಾಡಿದ ‘ಹಿಮದಾಚೆಯ ಕಾಡು’ ಎಂಬ ಸಿನಿಮಾವನ್ನು ತೊಳೆದು ಬಳಿದು ಮತ್ತೆ ತೆರೆಗೆ ತರುತ್ತಿದ್ದಾರೆ. ‘ಅವನು ಮಾಡಿದ’ ಎಂದು ಬರೆಯುವಾಗಲೇ ನನಗೆ ಮೈ ಉರಿಯುತ್ತದೆ. ಇರಲಿ, ಲೋಕವೆಲ್ಲ ಹಾಗೇ ಹೇಳುವುದು.

ಕಥೆ ಸುಲಭ. ಬಲೂನಿನಲ್ಲಿ ಹೊರಟ ನಾಲ್ವರು ಹಿಮದ ಗೋಡೆ ದಾಟಿ, ಲಕ್ಷಾಂತರ ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ಕಾಡೊಂದರಲ್ಲಿ ಇಳಿಯುತ್ತಾರೆ. ಅಲ್ಲಿ ಮನೆಯೆತ್ತರದ ಪ್ರಾಣಿಗಳು. ನಿಜದಲ್ಲಿ ಅವೆಲ್ಲ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಮೇಜಿನ ಮೇಲಿದ್ದವು. ಒಳಗೆ ಕೀಲುಗಳಿದ್ದ ಕಬ್ಬಿಣದ ಎಲುಬು, ಮೇಲೆ ಸ್ಪಂಜು, ಅದರ ಮೇಲೆ ಮೊಲದ ತುಪ್ಪಳ. ಎಲ್ಲಕ್ಕಿಂತ ದೊಡ್ಡದು ತುಪ್ಪಳದ ಆನೆ, ಅದೂ ಬೆಕ್ಕಿನಷ್ಟಿತ್ತು. ಅದರ ಗತ್ತು ನೋಡಿ ನಾನು ದೊಡ್ಡಮ್ಮ ಎಂದು ಹೆಸರಿಟ್ಟಿದ್ದೆ. ಅದು ಗೊತ್ತಾಗಿ ನಮ್ಮ ನಿಜವಾದ ದೊಡ್ಡಮ್ಮ ಒಂದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದಳು.

ಗೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಬೇಕು, ಪಕ್ಕಕ್ಕೆ ಹೋಗಬೇಕು, ಒಂದು ಚಿತ್ರ ತೆಗೆಯಬೇಕು. ಮತ್ತೆ ಸರಿಸಬೇಕು. ಹೀಗೆ ಇಪ್ಪತ್ತನಾಲ್ಕು ಸಲ ಮಾಡಿದರೆ ತೆರೆಯ ಮೇಲೆ ಒಂದು ಸೆಕೆಂಡು. ಅಣ್ಣನ ಬೆರಳುಗಳೋ ಒನಕೆಗಳು, ಅವನು ಮುಟ್ಟಿದರೆ ಆನೆಯ ಕಿವಿ ಕಿತ್ತು ಕೈಗೆ ಬರುತ್ತಿತ್ತು. ಹಾಗಾಗಿ ಅವನು ಕುರ್ಚಿಯಲ್ಲಿ ಕುಳಿತು ಕ್ಯಾಮೆರಾದ ಗುಂಡಿ ಒತ್ತಿದ, ಉಳಿದದ್ದೆಲ್ಲ ನಾನು ಮಾಡಿದೆ. ಎರಡು ವರ್ಷ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು.

ಮುಟ್ಟಿದ ಕಡೆಯೆಲ್ಲ ತುಪ್ಪಳ ಕೆದರುತ್ತಿತ್ತು. ಮೊದಮೊದಲು ಪ್ರತಿ ಸಲವೂ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿ ಕೂರಿಸುತ್ತಿದ್ದೆ. ಒಂದು ದಿನ ಬಾಚಲು ಮರೆತೆ. ಆ ದಿನದ ಫಿಲ್ಮಿನ ತುಣುಕನ್ನು ಗೋಡೆಯ ಮೇಲೆ ಬಿಟ್ಟು ನೋಡಿದರೆ, ದೊಡ್ಡಮ್ಮ ಸುಮ್ಮನೆ ನಿಂತಿದ್ದಾಳೆ, ಆದರೆ ಮೈ ಅಲುಗುತ್ತಿದೆ, ಉಸಿರಾಡುತ್ತಿದ್ದಾಳೆ! ಆಮೇಲೆ ನಾನು ಬೇಕೆಂದೇ ಬೆರಳಿನಿಂದ ತುಪ್ಪಳ ಒತ್ತಿದೆ. ಅವಳು ಹೆದರಿದಾಗ ಬೇಗ ಬೇಗ, ಕೊನೆಗೆ ಕೆಸರಿನಲ್ಲಿ ಹೂತು ಸಾಯುವಾಗ ಬಿಟ್ಟು ಬಿಟ್ಟು. ಆ ಸಾವು ನೋಡಿ ಗಂಡಸರು ಚಿತ್ರಮಂದಿರದಲ್ಲಿ ಅತ್ತರು.

ಸಿನಿಮಾದ ಶುರುವಿನಲ್ಲಿ ‘ಪ್ರಾಣಿಗಳ ಚಲನೆ’ ಎಂದು ಅಣ್ಣನ ಹೆಸರು ಬಂತು. ಕೆಳಗೆ ಸಣ್ಣದಾಗಿ, ‘ಸಹಕಾರ: ಮನೆಯವರು’. ಕೇಳಿದ್ದಕ್ಕೆ, “ನಾವೇನು ಬೇರೆ ಬೇರೆನಾ? ಮುಂದಿನ ಪಿಕ್ಚರ್‌ನಲ್ಲಿ ಹಾಕೋಣ ಬಿಡೇ” ಎಂದ. ಮುಂದಿನದಕ್ಕೆ ನನ್ನನ್ನು ಕರೆಯಲೇ ಇಲ್ಲ. ಅದರಲ್ಲಿ ಪ್ರಾಣಿಗಳು ಮರಗಾಲು ಕಟ್ಟಿಕೊಂಡಂತೆ ನಡೆದವು, ಜನ ನಕ್ಕು ಎದ್ದುಹೋದರು. ಅಣ್ಣ ಸಿನಿಮಾ ಬಿಟ್ಟು ಪಾಠ ಹೇಳಲು ಹೊರಟ. ‘ನಿಂತ ಪ್ರಾಣಿಯೂ ಉಸಿರಾಡಬೇಕು’ ಎನ್ನುವುದು ಅವನ ಪ್ರಸಿದ್ಧ ಮಾತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ನನ್ನದು, ಬಾಯಿ ಅವನದು.

ಹೊಸ ಪ್ರತಿಯಲ್ಲಾದರೂ ನನ್ನ ಹೆಸರು ಹಾಕಿಸಲೇಬೇಕೆಂದು, ಹಳೆಯ ಸಿನಿಮಾ ದುರಸ್ತಿ ಮಾಡುವ ಕಚೇರಿಗೆ ಹೋದೆ. ಕಾಗದಪತ್ರ ಏನೂ ಇರಲಿಲ್ಲ. ನನ್ನ ಸಾಕ್ಷಿ ಇದ್ದದ್ದು ಸಿನಿಮಾದಲ್ಲೇ. ತುಪ್ಪಳದಲ್ಲಿ ಮೂಡುವ ಗುಳಿಗಳು ಸಣ್ಣ ಬೆರಳಿನವು, ಒನಕೆಯವಲ್ಲ. ನಿಲ್ಲಿಸಿ ತೋರಿಸಿದರೆ ಕುರುಡರೂ ಒಪ್ಪಬೇಕು.

ದುರಸ್ತಿ ವಿಭಾಗದ ಮುಖ್ಯಸ್ಥೆಗೆ ನನ್ನ ಮಗಳ ವಯಸ್ಸು. ಅಣ್ಣನ ತಂಗಿ ಎಂದು ಪ್ರೀತಿಯಿಂದ ಕೂರಿಸಿ, ನಾನು ಬಂದ ಕೆಲಸ ಹೇಳುವ ಮೊದಲೇ ದೊಡ್ಡ ಪರದೆಯ ಮೇಲೆ ಆನೆಯ ಸಾವಿನ ದೃಶ್ಯ ಹಾಕಿದಳು.

ಒಂದು ಗೆರೆಯಿಲ್ಲ, ಒಂದು ಚುಕ್ಕೆ ಧೂಳಿಲ್ಲ. ದೊಡ್ಡಮ್ಮ ಕೆಸರಿಗೆ ಇಳಿದಳು. ತುಪ್ಪಳ ಇಸ್ತ್ರಿ ಹಾಕಿದಂತೆ ನುಣ್ಣಗಿತ್ತು. ಹೊಟ್ಟೆ ಏರಲಿಲ್ಲ, ಇಳಿಯಲಿಲ್ಲ. ಅವಳು ಸಾಯಲೂ ಇಲ್ಲ. ಬದುಕಿದ್ದರಲ್ಲವೇ ಸಾಯುವುದು.

“ಉಸಿರೆಲ್ಲಿ ಹೋಯ್ತಮ್ಮಾ?”

“ಆ ನಡುಕಾನಾ? ಅದನ್ನ ತೆಗೆಯೋಕೇ ಎಂಟು ತಿಂಗಳು ಹಿಡೀತು ನೋಡಿ. ಒಂದೊಂದು ಚಿತ್ರದಲ್ಲೂ ಬೆರಳಿನ ಗುರುತು.” ಅವಳ ಮುಖದಲ್ಲಿ ಹೆಮ್ಮೆಯಿತ್ತು.

“ಯಾರನ್ನ ಕೇಳಿ ತೆಗೆದ್ರಿ?”

“ನಿಮ್ಮಣ್ಣನ್ನೇ. ಈ ದೋಷ ಹೇಗಾಯ್ತು, ತೆಗೀಬಹುದಾ ಅಂತ ಬರೆದು ಕೇಳಿದ್ವಿ. ಅವರೇ ಉತ್ತರ ಕೊಟ್ಟಿದಾರೆ.”

ಫೈಲಿನಿಂದ ಪತ್ರ ತೆಗೆದು ಕೊಟ್ಟಳು. ಅಣ್ಣನ ಅಕ್ಷರವೇ. ‘ದೋಷ ನನ್ನದಲ್ಲ. ಗೊಂಬೆಗಳನ್ನು ಅಲುಗಿಸುತ್ತಿದ್ದವಳು ನನ್ನ ತಂಗಿ. ಮೊದಲಿನಿಂದ ಕೊನೆಯವರೆಗೆ ಪ್ರತಿ ದೃಶ್ಯದಲ್ಲೂ ಅವಳದೇ ಕೈ. ಅವಳಿಗೆ ಶಿಸ್ತು ಎಂಬುದು ಇರಲಿಲ್ಲ. ಸಂಕೋಚವಿಲ್ಲದೆ ಅಳಿಸಿ.’ ತಂಗಿ ಎಂಬುದರ ಪಕ್ಕದಲ್ಲಿ ನನ್ನ ಪೂರ್ತಿ ಹೆಸರಿತ್ತು.

ಹೊಗಳಲು ಬಂದವರಿಗೆಲ್ಲ ನಾನೇ ನಾನೇ ಎಂದವನು, ದೋಷ ಎಂಬ ಮಾತು ಕಂಡ ಕೂಡಲೇ ತಂಗಿಯನ್ನು ನೆನೆದಿದ್ದ. ನಲವತ್ತೆಂಟು ವರ್ಷ ನಾನು ಕಾದದ್ದು ಕೊನೆಗೂ ಅವನ ಕೈಬರಹದಲ್ಲೇ ಬಂದಿತ್ತು. ನನಗೆ ಅಳು ಬರಲಿಲ್ಲ. ಎದುರಿಗಿದ್ದರೆ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು.

ನನ್ನ ಮುಖ ನೋಡಿ ಅವಳೂ ಪತ್ರವನ್ನು ಇನ್ನೊಮ್ಮೆ ಓದಿದಳು, ಈ ಸಲ ನಿಧಾನವಾಗಿ.

“ಅಂದ್ರೆ… ಎಲ್ಲಾ ಮಾಡಿದ್ದು ನೀವಾ?”

“ಹೂಂ.”

“ಅಯ್ಯೋ, ನಮಗೆ ಹೊಳೀಲೇ ಇಲ್ಲ.” ಅವಳು ಎದ್ದು ನಿಂತಳು. “ಈ ಪತ್ರಕ್ಕಿಂತ ಬೇರೆ ಸಾಕ್ಷಿ ಬೇಡ. ಹೆಸರು ಬದಲಾಯ್ಸೋಕೆ ಅರ್ಧ ದಿನ ಸಾಕು. ಪ್ರಾಣಿಗಳ ಚಲನೆ ಅಂತ ನಿಮ್ಮೊಬ್ಬರ ಹೆಸರೇ ಹಾಕ್ತೀನಿ.”

“ಉಸಿರು?”

ಅವಳು ತಲೆ ತಗ್ಗಿಸಿದಳು. “ಅದನ್ನ ವಾಪಸ್ ತರೋಕೆ ಮತ್ತೆ ತಿಂಗಳುಗಟ್ಟಲೆ ಬೇಕಮ್ಮಾ. ಬಿಡುಗಡೆ ಈ ತಿಂಗಳೇ ಇದೆ.”

ಪರದೆಯ ಮೇಲೆ ಆ ನುಣುಪು ಆನೆ ಕೆಸರಿನಲ್ಲಿ ಮರದ ದಿಮ್ಮಿಯ ಹಾಗೆ ಬಿದ್ದಿತ್ತು. ಎಷ್ಟು ಹುಡುಕಿದರೂ ಅದರ ಮೈಮೇಲೆ ನಾನೆಲ್ಲೂ ಸಿಗಲಿಲ್ಲ.

“ಬೇಡಮ್ಮಾ,” ಎಂದೆ. “ಅಣ್ಣನ ಹೆಸರೇ ಇರ್ಲಿ. ಈಗ ಅದು ಅವನದ್ದೇ.”