ಎಂಟು-ಹತ್ತರ ಬಾಟ್ಲಿ

ರೇವಣಪ್ಪ ಹೆಣದ ವಿಮಾನದ ಮುಂದಿನ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡ ನಿಂತ. ಹೆಗಲು ಕೊಟ್ಟಿದ್ದ ನಾಲ್ವರು ತಡವರಿಸಿದರು. ಒಳಗೆ ಕೂಡಿಸಿದ್ದ ಊರ ನರ್ಸು, ಸಿಸ್ಟರ್ ಗುರಮ್ಮನ ತಲೆ ಕಟ್ಟಿದ ಬಟ್ಟೆಯನ್ನೂ ಮೀರಿ ಮುಂದಕ್ಕೆ ವಾಲಿತು. ಭಜನೆಯವರ ತಾಳ ನಿಂತಿತು.

"ಇಳಸ್ರಿ," ಎಂದ.

"ಹೆಣಾ ತಡೀತಿಯೇನಲೇ?" ಚಂದ್ರಾಮಪ್ಪ ಗೌಡ ಮುಂದೆ ಬಂದ. "ಕುಣಿ ತೋಡಿ ಕಾಯಾಕತ್ತಾರ ಅಲ್ಲಿ."

"ಕಾಯಲಿ ಬಿಡ್ರಿ. ನಾ ಹನ್ನೊಂದು ವರ್ಷ ಕಾದೀನಿ."

ರೇವಣಪ್ಪ ಕಿಸೆಯಿಂದ ಹೆಬ್ಬೆರಳಿನಷ್ಟು ಗಾಜಿನ ಬಾಟ್ಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ನನ್ನ ಮಗನ್ನ ತಿಂದ ಬಾಟ್ಲಿ ಇದು. ಇದರಾಗ ಏನಿತ್ತು ಅಂತ ಒಬ್ಬರರೆ ಹೇಳ್ರಿ. ಆಮ್ಯಾಲ ಒಯ್ರಿ."

ಊರಿಗೆ ಬಾಯಿ ಇದ್ದದ್ದು ಊರಬಾಗಿಲಿನ ಅಗಸಿ ಕಟ್ಟೆಯ ಮೇಲೆ ಮಾತ್ರ. ಪ್ರತಿ ಗುರುವಾರ ಮಕ್ಕಳಿಗೆ ಸೂಜಿ ಹಾಕಿ ಮುಗಿಸಿ, ಗುರಮ್ಮ ಸೂಜಿಮನೆಯ ಹಿಂದಿನ ಬೇವಿನ ಬುಡದಲ್ಲಿ ತಗ್ಗು ತೋಡುತ್ತಿದ್ದಳು. ಉಳಿದ ಔಷಧವನ್ನು ಸುರಿದು, ಮೇಲೆ ಮಣ್ಣು ಎಳೆಯುತ್ತಿದ್ದಳು. ಒಳ್ಳೆಯ ಔಷಧವಾಗಿದ್ದರೆ ಹೂಳುವುದೇಕೆ? ಕಟ್ಟೆಯ ಮೇಲೆ ಎಲ್ಲರೂ ಇದನ್ನು ಕೇಳಿದವರೇ. ಆಕೆಯ ಮುಂದೆ ನಿಂತು ಕೇಳಿದವರಿಲ್ಲ.

ರೇವಣಪ್ಪನ ಮಗನ ಹೆಸರು ಬೀರಲಿಂಗ. ಹತ್ತು ತಿಂಗಳ ಕೂಸು. ಸಂಜೆ ಸೂಜಿ ಹಾಕಿಸಿಕೊಂಡದ್ದು ಮರುದಿನ ಹೊತ್ತೇರುವುದರೊಳಗೆ ವಾಂತಿ, ಭೇದಿ, ಜ್ವರದಲ್ಲಿ ತಣ್ಣಗಾಯಿತು. ಅಂದು ಅವನು ಆಕೆಯ ಐಸಿನ ಡಬ್ಬಿಯನ್ನು ಬಾವಿಗೆ ಎಸೆದಿದ್ದ. ಎಸೆಯುವ ಮೊದಲು ಈ ಬಾಟ್ಲಿಯನ್ನು ತೆಗೆದಿಟ್ಟುಕೊಂಡಿದ್ದ. ವಿಚಾರಣೆಗೆ ಬಂದ ಸಾಹೇಬರ ಮುಂದೆ ಗುರಮ್ಮ, "ನನ್ನ ಕೈತಪ್ಪು" ಎಂದಷ್ಟೇ ಹೇಳಿದಳು. ಆಕೆಯನ್ನು ಎರಡು ವರ್ಷ ಅಫಜಲಪುರದ ಕಡೆ ವರ್ಗ ಮಾಡಿ ಹಾಕಿದರು. ಮತ್ತೆ ಬೇಡಿಕೊಂಡು ಇದೇ ಊರಿಗೆ ಬಂದಳು. ಯಾಕೆ ಬಂದಳು? ಅದೂ ಒಂದು ಅನುಮಾನ.

ಬಾಟ್ಲಿಯನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಪೊಲೀಸರಿಗೆ ಕೊಟ್ಟರೆ ನುಂಗುತ್ತಾರೆ, ಡಾಕ್ಟರಿಗೆ ಕೊಟ್ಟರೆ ಒಡೆಯುತ್ತಾರೆ. ಈಗ ಇನ್ನೊಂದು ಕೂಸಿದೆ, ಹೆಣ್ಣು, ಅದಕ್ಕೂ ಹತ್ತು ತಿಂಗಳು. ಪಕ್ಕದ ತಾಂಡಾದಲ್ಲಿ ದಡಾರ ಎದ್ದು ಎರಡು ಮಕ್ಕಳು ಹೋಗಿವೆ. ಸೂಜಿ ಹಾಕಿಸೋಣ ಎಂದು ಹೆಂಡತಿ ಗಂಗುಬಾಯಿ ದಿನಾ ಜಗಳ ತೆಗೆಯುತ್ತಾಳೆ. ಹಾಕಿಸಿದರೂ ಭಯ, ಬಿಟ್ಟರೂ ಭಯ. ಮಧ್ಯದಲ್ಲಿ ಈ ಹೆಂಗಸು ಒಂದು ಮಾತೂ ಹೇಳದೆ ಸತ್ತು ಕುಳಿತಿದ್ದಾಳೆ.

"ಆ ಜೀಪಿನಂವ ಯಾರ್ರಿ?" ರೇವಣಪ್ಪ ಬೆರಳು ಮಾಡಿದ. ಮುಂಜಾನೆಯಿಂದ ಬೇವಿನ ನೆರಳಿನಲ್ಲಿ ಒಬ್ಬನೇ ನಿಂತಿದ್ದ ಸಫಾರಿ ಅಂಗಿಯವನು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ. "ಆಕಿಗೆ ಗಂಡಿಲ್ಲ, ಮಕ್ಕಳಿಲ್ಲ. ಅಂವ ಯಾಕ ಅಳಾಕತ್ತಾನ?"

"ಡಾಕ್ಟರ್ ಹಣಮಂತರಾಯ ಅಂತ," ಎಂದಳು ಅಮೀರುನ್ನಿಸಾ. ಇಪ್ಪತ್ತು ವರ್ಷ ಗುರಮ್ಮನ ಡಬ್ಬಿ ಹೊತ್ತ ಆಯಾ ಅವಳು. "ನಾನೇ ತಾರ್ ಕೊಟ್ಟು ಕರೆಸೀನಿ. ನೀ ಸುಮ್ಕಿರು ಬೇಟಾ."

"ನನಗ ಸುಮ್ಕಿರು ಅಂತ ಹೇಳಾಕ ಬರಬ್ಯಾಡ ನೀ."

ಅಷ್ಟರಲ್ಲಿ ಡಾಕ್ಟರ್ ತಾನೇ ನಡೆದು ಬಂದ. ಕೈ ಚಾಚಿದ. ರೇವಣಪ್ಪ ಬಾಟ್ಲಿಯನ್ನು ಕೊಡಲಿಲ್ಲ, ತೋರಿಸಿದ. ಹಳದಿಯಾದ ಪ್ಲಾಸ್ಟರ್ ಚೂರಿನ ಮೇಲೆ ನೀಲಿ ಶಾಯಿ ಇನ್ನೂ ಉಳಿದಿತ್ತು. 8-10.

"ಏನು ನಂಬರ್ ಇದು?"

"ನಂಬರ್ ಅಲ್ರಿ," ಎಂದ ಡಾಕ್ಟರ್. "ಟೈಮ್. ಬಾಟ್ಲಿ ಒಡದ, ಅಂದ್ರ ಬಾಯಿ ತೆರದು ನೀರು ಬಿಟ್ಟ ಟೈಮ್. ಮುಂಜಾನಿ ಎಂಟು ಹತ್ತು. ಅವರ ಕೈಬರಹ."

"ಸುಳ್ಳ. ನನ್ನ ಹುಡುಗಗ ಹಾಕಿದ್ದು ಸಂಜಿ ಐದಕ್ಕ."

"ಹೌದ್ರಿ. ಹಾಕಿದಂವ ನಾನ."

*

೧೯೮೬ರ ಜೋಳದ ಸುಗ್ಗಿ. ಡಾಕ್ಟರಿಕೆ ಓದುವ ಆರು ಹುಡುಗರು ಜೀಪಿನಲ್ಲಿ ಬಂದಿದ್ದರು. ಹಿಂದಿನ ಸುತ್ತಿನಲ್ಲಿ ಸೂಜಿ ತಪ್ಪಿದ ಮಕ್ಕಳನ್ನು ಹುಡುಕಿ ಹುಡುಕಿ ಹಾಕುವ ಕೆಲಸ. ಮುಂಜಾನೆ ತಾಂಡಾದಲ್ಲಿ ಗುರಮ್ಮ ಅವರಿಗೆ ದಡಾರದ ಔಷಧ ತಯಾರಿಸುವುದನ್ನು ಕಲಿಸಿದಳು. ಪುಡಿಯ ಬಾಟ್ಲಿಗೆ ತಣ್ಣನೆಯ ನೀರು ಬಿಟ್ಟು, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿದಳು. ಗಡಿಯಾರ ನೋಡಿ ಪ್ಲಾಸ್ಟರಿನ ಮೇಲೆ ಬರೆದಳು.

"ಪುಡಿ ಇರೋತನಕ ಇದು ಮಲಗಿರ್ತದ. ನೀರು ಬಿದ್ದ ಕೂಡ್ಲೇ ಎದ್ದು ಕೂಡ್ತದ. ನಾಲ್ಕು ತಾಸು, ಅಷ್ಟ. ಆಮ್ಯಾಲ ಇದು ಔಷಧ ಅಲ್ಲ, ವಿಷ."

"ಅರ್ಧ ಬಾಟ್ಲಿ ಉಳದ್ರ, ಸಿಸ್ಟರ್?" ಹಣಮಂತರಾಯ ಕೇಳಿದ್ದ.

"ಉಳದ್ರ ಉಳೀಲಿ. ಮಣ್ಣಿಗೆ ಸುರದು ಮುಚ್ಚು. ಮಂದಿ ಬೈತಾರ. ಬೈಸ್ಕೋ."

ಮಧ್ಯಾಹ್ನ ಅಂದೋಲಾ ಕಡೆಯಿಂದ ಕಷ್ಟದ ಹೆರಿಗೆ ಎಂದು ಕರೆ ಬಂತು. ಡಬ್ಬಿಯನ್ನು ಅವನ ಕೈಗೆ ಕೊಟ್ಟು, "ಹಳೇದು ಸುರದುಬಿಡು, ಹೊಸಾದು ನಾ ಬಂದು ಒಡೀತೀನಿ," ಎಂದು ಅಮೀರುನ್ನಿಸಾಳನ್ನು ಕರೆದುಕೊಂಡು ಹೊರಟಳು. ಸಂಜೆ ಐದಕ್ಕೆ ನೆನಪಾಗಿ ಹುಡುಗ ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಅಷ್ಟರಲ್ಲಿ ಕಣದಿಂದ ಒಬ್ಬ ಬಂದ. ತಲೆ ತುಂಬ ಹೊಟ್ಟಿನ ಧೂಳು, ಹೆಗಲ ಮೇಲೆ ಮಗ.

"ಏ ಸಾಹೇಬ್ರ, ಸುರೀಬ್ಯಾಡ್ರಿ! ಅರ್ಧ ಬಾಟ್ಲಿ ಹಂಗ ಅದ. ನನ್ನ ಹುಡುಗಗ ಹಾಕ್ರಿ ಅದನ್ನ."

"ಸಿಸ್ಟರ್ ಬರ್ಲಿ, ಹೊಸಾದು ಒಡೀತಾರ."

"ಅಕಿ ಬರೋತನಕ ನನ್ನ ರಾಶಿ ಯಾರು ಕಾಯ್ತಾರ್ರಿ? ನಾಳಿ ಬಾ ಅಂದ್ರ ನಾ ಬರಂಗಿಲ್ಲ. ಹುಡುಗಗ ದಡಾರ ಬಂದ್ರ ನಿಮ್ಮ ಜಿಮ್ಮೇದಾರಿ. ಮಣ್ಣಿಗೆ ಹಾಕೋದು ನಮ್ಮ ಮಕ್ಕಳಿಗೆ ಹಾಕಾಕ ಆಗಂಗಿಲ್ಲೇನು?"

ಹುಡುಗ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ. ನೀರಿನಂತೆ ತಿಳಿಯಾಗಿತ್ತು. ಕೆಟ್ಟದ್ದರ ಹಾಗೆ ಕಾಣಲಿಲ್ಲ.

*

ರೇವಣಪ್ಪನ ಒಂದು ಕೈ ಬಿದಿರಿನ ಮೇಲೇ ಇತ್ತು. ಸೂಜಿ ಚುಚ್ಚಿದ ಹುಡುಗನ ಮುಖ ಅವನಿಗೆ ಮರೆತೇ ಹೋಗಿತ್ತು; ಔಷಧ ಗುರಮ್ಮನದು, ಪಾಪವೂ ಅವಳದೇ ಎಂದು ನಂಬಿದ್ದ. ಈಗ ತನ್ನದೇ ದನಿ ಅವನ ಕಿವಿಗೆ ಬಂತು. ರಾಶಿ ಯಾರು ಕಾಯ್ತಾರ್ರಿ.

"ಹೇಳಬೇಕಿತ್ತು ನೀವು," ಎಂದ. "ಹನ್ನೊಂದು ವರ್ಷ ಅಕಿಗೆ ಕೊಲೆಗಡಕಿ ಅಂದೆ."

"ಸಾಹೇಬರ ಮುಂದ ಹೇಳ್ತೀನಿ ಅಂತ ಹೊರಟಿದ್ದೆ. ಸಿಸ್ಟರ್ ಬಿಡಲಿಲ್ರಿ. ನಾನೂ ಅಂಜಿದೆ."

"ಡಾಕ್ಟರನ್ನ ಉಳಸಾಕ ಅಕಿ ಸುಳ್ಳ ಹೇಳಿದ್ಲು, ಹೌದಿಲ್ಲೋ?" ರೇವಣಪ್ಪ ದನಿ ಏರಿಸಿದ. "ದೊಡ್ಡ ಮಂದಿ ದೊಡ್ಡ ಮಂದೀನ ಉಳಸ್ತಾರ!"

"ಅಂವನ್ನ ಅಲ್ಲೋ." ಅಮೀರುನ್ನಿಸಾ ಹತ್ತಿರ ಬಂದು, ಅವನೊಬ್ಬನಿಗೇ ಕೇಳುವಂತೆ ಹೇಳಿದಳು. "ಈ ಡಾಕ್ಟರ್ ಹುಡುಗನ ಹೆಸರು ಹೇಳಿದ್ರ, ಯಾಕ ಹಾಕಿದಿ ಅಂತ ಕೇಳ್ತಾರ. ಕೂಸಿನ ಅಪ್ಪನೇ ಹಟ ಹಿಡದಾನ ಅಂತ ಬರ್ತದ. 'ಅಮೀರಾ, ಆ ಮಾತು ಕೇಳಿದ್ರ ರೇವಣ ಬಾವಿ ನೋಡ್ಕೋತಾನ. ನನಗ ಬೈಲಿ. ಬೈಯಾಕರೆ ಬದುಕ್ತಾನ' ಅಂದ್ಲು."

ರೇವಣಪ್ಪನ ಕೈ ತಾನೇ ಬಿದಿರಿನಿಂದ ಜಾರಿತು. ವಿಮಾನ ಅವನನ್ನು ದಾಟಿ ಹೋಯಿತು.

ಕುಣಿಯಲ್ಲಿ ಗುರಮ್ಮನನ್ನು ಕೂಡಿಸಿ, ಎಡಗೈಯಲ್ಲಿ ಲಿಂಗವಿಟ್ಟು ವಿಭೂತಿ ತುಂಬಿದರು. ಎಲ್ಲರೂ ಸಾಲಾಗಿ ಬಂದು ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಡಾಕ್ಟರೂ ಕೊಟ್ಟ. ರೇವಣಪ್ಪ ದೂರದ ಬೇಲಿಯ ಹತ್ತಿರ ನಿಂತೇ ಇದ್ದ. "ಮಣ್ಣಿಗೂ ಬರಲಿಲ್ಲ ನೋಡು," ಎಂದು ಯಾರೋ ಅಂದರು.

ಮಂದಿ ಸ್ನಾನಕ್ಕೆ ಚದುರಿದ ಮೇಲೆ ಜೀಪು ಏರುತ್ತಿದ್ದ ಡಾಕ್ಟರಿಗೆ ಅವನು ಅಡ್ಡ ಬಂದ.

"ಗುರುವಾರ ಬರ್ರಿ."

"ಯಾತಕ್ಕ?"

"ನನ್ನ ಮಗಳಿಗೆ. ಬಾಟ್ಲಿ ನನ್ನ ಕಣ್ಮುಂದ ಒಡೀಬೇಕು. ಟೈಮ್ ನನ್ನ ಕಣ್ಮುಂದ ಬರೀಬೇಕು. ನನಗ ನಿಮ್ಮ ಮ್ಯಾಲ ನಂಬಿಕಿಲ್ಲ."

"ನಂಬಬ್ಯಾಡ್ರಿ," ಎಂದ ಡಾಕ್ಟರ್. "ಬರ್ತೇನಿ."

ಸೂಜಿಮನೆಯ ಹಿಂದಿನ ಬೇವಿನ ಬುಡದಲ್ಲಿ ಗಂಗುಬಾಯಿ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ರೇವಣಪ್ಪ ಮೊಣಕಾಲೂರಿದ. ಗುರಮ್ಮ ತೋಡುತ್ತಿದ್ದಲ್ಲೇ ನೆಲ ಮೆತ್ತಗಿತ್ತು. ಬೆರಳುಗಳಿಂದಲೇ ತಗ್ಗು ಮಾಡಿ, ಬಾಟ್ಲಿಯನ್ನು ನೆಟ್ಟಗೆ ಕೂಡಿಸಿದ. ಒಂದು ಹಿಡಿ ಮಣ್ಣು ಹಾಕಿದ. ಪ್ಲಾಸ್ಟರಿನ ಎಂಟು ಮುಚ್ಚಿತು. ಇನ್ನೊಂದು ಹಿಡಿಗೆ ಹತ್ತು ಮುಚ್ಚಿತು. ಮೂರನೆಯದನ್ನು ಮಗಳ ಸಣ್ಣ ಮುಷ್ಟಿಗೆ ತುಂಬಿ, ಆ ಕೈಯನ್ನು ಹಿಡಿದು ತಗ್ಗಿನ ಮೇಲೆ ತಂದ. ಕೂಸು ಮುಷ್ಟಿ ಬಿಡಲೇ ಇಲ್ಲ. ಅವನು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.