ತಲೆಯಾಡಿಸಿದ ಹೆಲಿಕಾಪ್ಟರ್

ಮೂರನೇ ಮಹಡಿಯ ಅಕ್ಕತಂಗಿಯರು ಇಬ್ಬರೂ ನಿವೃತ್ತರು. ಅಕ್ಕ ಟೆಲಿಫೋನ್ ಆಪರೇಟರ್ ಆಗಿದ್ದವಳು, ತಂಗಿ ಆಪರೇಷನ್ ಥಿಯೇಟರಿನ ನರ್ಸ್. ಮದುವೆಯ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಜಗಳವಾಡಲು ಮನೆಯಲ್ಲೇ ಜನವಿರುವಾಗ ಗಂಡನೇಕೆ ಎನ್ನುವುದು ತಂಗಿಯ ವಾದ.

ಆ ಕಟ್ಟಡದ ಕಾರ್ಯದರ್ಶಿಗೆ ನೋಟೀಸು ಅಂಟಿಸುವ ಹುಚ್ಚು. ಟೆರೇಸಿನ ಬಾಗಿಲಿಗೆ ಅವರು ಹೊಸದೊಂದನ್ನು ಅಂಟಿಸಿದ ದಿನ ಅಕ್ಕ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು. ಇಲ್ಲಿ ಬಟ್ಟೆ ಒಣಹಾಕಬಾರದು, ಹೂಕುಂಡ ಇಡಬಾರದು, ಗುಂಪುಗೂಡಬಾರದು, ಗಟ್ಟಿಯಾಗಿ ನಗಬಾರದು.

"ಹಾರಿಸಬಾರದು ಅಂತ ಎಲ್ಲೂ ಇಲ್ಲ ಕಣೇ," ಎಂದಳು.

"ಏನನ್ನ?"

"ಏನನ್ನಾದ್ರೂ."

ಮರುದಿನ ಇಬ್ಬರೂ ಆಟದ ಸಾಮಾನಿನ ಅಂಗಡಿಯಲ್ಲಿದ್ದರು. ಬಿಡಿಭಾಗಗಳಾಗಿ ಬರುವ ರಿಮೋಟ್ ಹೆಲಿಕಾಪ್ಟರಿನ ಪೆಟ್ಟಿಗೆಯ ಮೇಲೆ ತಂಗಿ ಕೈಯಿಟ್ಟಳು.

"ಮೊಮ್ಮಗನಿಗಾ ಅಮ್ಮಾ?" ಅಂಗಡಿಯವನು ಕೇಳಿದ.

"ಹೌದಪ್ಪ. ಬಹಳ ತುಂಟ."

"ಹಾಗಾದ್ರೆ ಜೋಡಿಸಿರೋದನ್ನೇ ತಗೊಳ್ಳಿ. ಇದು ಕಷ್ಟ."

"ಅವನಿಗೆ ಕೈತುಂಬ ಕೆಲಸ ಇರ್ಬೇಕು. ಇಲ್ಲಾಂದ್ರೆ ಅಕ್ಕನ ಜೊತೆ ಜಗಳಕ್ಕೆ ಬೀಳ್ತಾನೆ," ಎಂದು ತಂಗಿ ಗಂಭೀರವಾಗಿ ಹೇಳಿದಳು. ಅಕ್ಕ ಸೀರೆಯ ಸೆರಗನ್ನು ಬಾಯಿಗೊತ್ತಿಕೊಂಡು ಬೀದಿಯ ಕಡೆ ತಿರುಗಿ ನಿಂತಳು.

ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ತಂಗಿ ಸ್ಕ್ರೂಗಳನ್ನು ಗಾತ್ರಕ್ಕೆ ತಕ್ಕಂತೆ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಚಿಮಟಿಗೆ ಕೈಗೆತ್ತಿಕೊಂಡು, "ಮಾತಾಡಬೇಡ, ಆಪರೇಷನ್ ನಡೀತಿದೆ," ಎಂದಳು. ದೇಹದ ಭಾಗ ಅವಳದ್ದು, ವೈರಿಂಗ್ ಅಕ್ಕನದ್ದು. ಕೈಪಿಡಿಯ ಚಿತ್ರಗಳೋ ಇರುವೆಯಷ್ಟು ಸಣ್ಣವು. ಮೊದಲ ದಿನ ರೆಕ್ಕೆಗಳನ್ನು ಹಿಡಿದಿಡುವ ನಡುಬಿಲ್ಲೆಯನ್ನು ತಲೆಕೆಳಗಾಗಿ ಕೂರಿಸಿ, ಎರಡನೇ ದಿನವೆಲ್ಲ ಅದನ್ನು ಬಿಚ್ಚುವುದರಲ್ಲೇ ಕಳೆದರು. ಒಂದು ಸ್ಕ್ರೂ ನೆಲಕ್ಕೆ ಬಿದ್ದು ಮಾಯವಾಯಿತು. ಇಬ್ಬರೂ ಮೇಜಿನಡಿ ಮಂಡಿಯೂರಿ ಹುಡುಕಿದ್ದೇ ಬಂತು, ಅದು ಸಿಕ್ಕಿದ್ದು ಅಕ್ಕನ ತುರುಬಿನಲ್ಲಿ.

ರೆಕ್ಕೆ ಹಾಕದೆಯೇ ಮೋಟಾರನ್ನು ಒಮ್ಮೆ ಓಡಿಸಿ ನೋಡಿದರು. ಅದು ಗುರ್ರೆಂದು ಉಲ್ಟಾ ತಿರುಗಿತು.

"ಕೊಂದೆಯಲ್ಲೇ ನನ್ನ ಪೇಷಂಟನ್ನ!" ಎಂದು ತಂಗಿ ಕೂಗಿಕೊಂಡಳು.

"ಸುಮ್ನಿರು, ರಾಂಗ್ ನಂಬರ್ ಅಷ್ಟೆ," ಎಂದ ಅಕ್ಕ, ಮೋಟಾರಿನ ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದಳು. ಮೋಟಾರು ತೆಪ್ಪಗೆ ಸರಿದಾರಿಗೆ ಬಂತು. ಅವತ್ತಿಡೀ ಅಕ್ಕನ ಕಾಲು ನೆಲದ ಮೇಲಿರಲಿಲ್ಲ.

ಉಳಿದದ್ದು ಗೈರೋ. ಬಾಲ ಅತ್ತಿತ್ತ ತಿರುಗದಂತೆ ಹಿಡಿದಿಡುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ ಅದು. ಅದರ ಬದಿಯಲ್ಲಿ ಕಂಡೂ ಕಾಣದಂಥ ಒಂದು ಸ್ವಿಚ್ಚು. ಅದನ್ನು ಎಡಕ್ಕಿಡಬೇಕೋ ಬಲಕ್ಕಿಡಬೇಕೋ ಎಂದು ಗಂಟೆಗಟ್ಟಲೆ ವಾದ ನಡೆದು, ಕೊನೆಗೆ ವಯಸ್ಸಿನ ಹಿರಿತನದಿಂದ ಅಕ್ಕ ಗೆದ್ದಳು. ಸ್ವಿಚ್ಚು ಬಲಕ್ಕೆ ಹೋಯಿತು.

ಭಾನುವಾರ ಮಧ್ಯಾಹ್ನ, ಕಟ್ಟಡವೆಲ್ಲ ಮಲಗಿದ್ದಾಗ, ಹೆಣಿಗೆಯ ಚೀಲದಲ್ಲಿ ರಿಮೋಟ್ ಅಡಗಿಸಿಕೊಂಡು, ಹೆಲಿಕಾಪ್ಟರಿಗೆ ಟವೆಲ್ ಸುತ್ತಿಕೊಂಡು ಇಬ್ಬರೂ ಟೆರೇಸ್ ಹತ್ತಿದರು. ಅಕ್ಕ ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು. ಹೆಲಿಕಾಪ್ಟರ್ ನಡುಗಿತು, ಮೊಣಕಾಲೆತ್ತರಕ್ಕೆ ಎದ್ದಿತು. ತಂಗಿ ಇನ್ನೇನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಅದು ಬುಗುರಿಯಂತೆ ಗಿರಗಿರನೆ ಸುತ್ತತೊಡಗಿತು.

"ಎಡಕ್ಕೆ ಇಡು ಅಂದೆ, ಕೇಳಿದ್ಯಾ!"

"ಈಗ ಅದನ್ನ ಹೇಳೋ ಹೊತ್ತೇನೇ!"

ಗಾಬರಿಯಲ್ಲಿ ಅಕ್ಕ ಕಡ್ಡಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳಿದಳು. ಹೆಲಿಕಾಪ್ಟರ್ ಸುತ್ತುತ್ತಲೇ ಮೋಟುಗೋಡೆ ದಾಟಿತು. ಆಗ ಕಡ್ಡಿಯನ್ನು ಪೂರ್ತಿ ಇಳಿಸಿಬಿಟ್ಟಳು. ರೆಕ್ಕೆ ನಿಂತಿತು, ಹೆಲಿಕಾಪ್ಟರ್ ಬಿತ್ತು. ಕೆಳಗಿನ ಬಾಲ್ಕನಿಯಲ್ಲಿ ಆರಾಮ ಕುರ್ಚಿಯ ಮೇಲೆ ನಿದ್ದೆಹೋಗಿದ್ದ ಕಾರ್ಯದರ್ಶಿಗಳ ಹೊಟ್ಟೆಯ ಮೇಲೆ ಬಿತ್ತು.

"ಯಾರದಿದು?" ಎಂಬ ಕೂಗಿಗೆ ಇಡೀ ಬೀದಿಗೆ ಎಚ್ಚರವಾಯಿತು. ಅಕ್ಕತಂಗಿಯರು ಮೋಟುಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಅಡಗಿ ಕೂತರು.

ಇನ್ನು ಸ್ವಲ್ಪ ಹೊತ್ತಿಗೇ ಕಟ್ಟಡದ ತಿಂಗಳ ಸಭೆ. ಮನೆಗೆ ಹೋಗಿ ಚೀಲ ಇಟ್ಟು ಬರಲೂ ಪುರುಸೊತ್ತಾಗಲಿಲ್ಲ. ಕೆಳಗಿನ ಹಾಲಿನಲ್ಲಿ, ಏನೂ ಅರಿಯದ ಮಗುವಿನ ಮುಖ ಹೊತ್ತು, ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು. ಪಕ್ಕದ ಕುರ್ಚಿಗೆ ಕಾರ್ಯದರ್ಶಿಗಳ ಹೆಂಡತಿ ಬಂದು ಕೂತರು. ಸಭೆಗಳಲ್ಲಿ ಬಾಯಿ ಬಿಟ್ಟವರೇ ಅಲ್ಲ ಆಕೆ.

ಕಾರ್ಯದರ್ಶಿಗಳು ಹೆಲಿಕಾಪ್ಟರನ್ನು ನೋಟೀಸುಗಳ ಕಟ್ಟಿನ ಪಕ್ಕ ಮೇಜಿನ ಮೇಲಿಟ್ಟರು. ಬ್ಯಾಟರಿ ಬಿಚ್ಚಬೇಕೆಂದು ಅವರಿಗೇನು ಗೊತ್ತು? ಒಳಗೆ ಕೆಂಪು ದೀಪ ಇನ್ನೂ ಮಿನುಗುತ್ತಿತ್ತು. ಅಕ್ಕ ಅದನ್ನು ನೋಡಿದಳು. ತಂಗಿ ಅಕ್ಕನನ್ನು ನೋಡಿದಳು.

"ಬೇಡ ಕಣೇ," ಎಂದಳು ತಂಗಿ, ಕಣ್ಣು ಮಾತ್ರ ಬೇಕು ಬೇಕು ಎನ್ನುತ್ತಿತ್ತು.

"ನಾನು ಯಾರ ಮೇಲೂ ಯಾವತ್ತೂ ದರ್ಪ ತೋರಿಸಿದವನಲ್ಲ," ಎಂದು ಕಾರ್ಯದರ್ಶಿಗಳು ಶುರು ಮಾಡಿದರು.

ಚೀಲದೊಳಗೆ ಅಕ್ಕನ ಹೆಬ್ಬೆರಳು ಅಲುಗಿತು. ಕಿರ್ರ್, ಕಿರ್ರ್. ರೆಕ್ಕೆ ಹೊತ್ತ ಹೆಲಿಕಾಪ್ಟರಿನ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು, ಥೇಟ್ ಇಲ್ಲ ಇಲ್ಲ ಎಂದಂತೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಕಾರ್ಯದರ್ಶಿಗಳು ಅದನ್ನು ದುರುಗುಟ್ಟಿ ನೋಡಿ ಗಂಟಲು ಸರಿಮಾಡಿಕೊಂಡರು. "ಎಲ್ಲರನ್ನೂ ಕೇಳಿಯೇ ನಿಯಮ ಮಾಡೋದು."

ಕಿರ್ರ್, ಕಿರ್ರ್.

ಈಗ ನಗು ಎರಡನೇ ಸಾಲಿಗೂ ಹರಡಿತು. ಆಗಲೇ ಅಕ್ಕನ ಮೊಣಕೈಗೆ ಯಾರೋ ತಿವಿದರು. ತಿರುಗಿದರೆ, ಕಾರ್ಯದರ್ಶಿಗಳ ಹೆಂಡತಿ ಚೀಲದೊಳಗೆ ಇಣುಕುತ್ತಿದ್ದಾರೆ! ಮುಗೀತು ಕಥೆ ಎಂದುಕೊಂಡಳು ಅಕ್ಕ.

"ನನಗೂ ಒಂದ್ಸಲ ಕೊಡ್ರೀ," ಎಂದು ಆಕೆ ಪಿಸುಗುಟ್ಟಿದರು.

ಅಕ್ಕ ಚೀಲವನ್ನು ಆಕೆಯ ಮಡಿಲಿಗೆ ಸರಿಸಿದಳು. ಅತ್ತ ಕಾರ್ಯದರ್ಶಿಗಳು ಬೆವರೊರೆಸಿಕೊಂಡು ಕೊನೆಯ ಅಸ್ತ್ರ ತೆಗೆದರು. "ನಮ್ಮ ಮನೇಲೂ ಇದೇ ಶಿಸ್ತು. ನಮ್ಮವಳು ಒಂದಿನ ಗೊಣಗಿದ್ದಾಳಾ? ಅವಳನ್ನೇ ಕೇಳಿ!"

ಎಲ್ಲರೂ ಹಿಂದಕ್ಕೆ ತಿರುಗಿದರು. ಆಕೆ ಸೌಮ್ಯವಾಗಿ ನಕ್ಕರು. ಚೀಲದೊಳಗೆ ಆಕೆಯ ಬೆರಳು ಮೊದಲು ತಲೆ ವಾಲಿಸುವ ಕಡ್ಡಿಗೆ ಹೋಯಿತು, ಆಮೇಲೆ ಪಕ್ಕದ, ಹಾರಿಸುವ ಕಡ್ಡಿಗೆ. ಅದನ್ನು ಎಷ್ಟು ತಳ್ಳಬೇಕೆಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ರೆಕ್ಕೆಗಳು ಭರ್ರೆಂದವು. ಕಾರ್ಯದರ್ಶಿಗಳು ಹೌಹಾರಿ ಗೋಡೆಗಂಟಿದರು. ಹೆಲಿಕಾಪ್ಟರ್ ಮೇಜಿನ ಮೇಲೆ ಗರಗರ ಸುತ್ತಿತು, ನೋಟೀಸುಗಳು ಹಾಲಿನ ತುಂಬ ಹಾರಾಡಿದವು. ಒಂದು ರೆಕ್ಕೆ ನೀರಿನ ಹೂಜಿಗೆ ಬಡಿದು ಮುರಿಯಿತು, ಆಕೆ ಕಡ್ಡಿ ಬಿಟ್ಟರು, ಎಲ್ಲವೂ ನಿಂತಿತು. ನಗು ಮಾತ್ರ ನಿಲ್ಲಲಿಲ್ಲ. ಸಭೆಯನ್ನು ಮುಂದೂಡಬೇಕಾಯಿತು.

ಮರುದಿನ ಮಧ್ಯಾಹ್ನ ಅಕ್ಕತಂಗಿಯರ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಕಾರ್ಯದರ್ಶಿಗಳ ಹೆಂಡತಿ, ಸೆರಗಿನಡಿ ಹೆಲಿಕಾಪ್ಟರ್.

"ಕಸಕ್ಕೆ ಹಾಕು ಅಂತ ಕೊಟ್ಟರು," ಎಂದು ಒಳಗೆ ಬಂದು ಮೇಜಿನ ಮುಂದೆ ಕೂತು ತೋಳೇರಿಸಿದರು. "ಮುರಿದವಳು ನಾನು, ಹೊಸ ರೆಕ್ಕೆ ನಾನೇ ಹಾಕ್ತೀನಿ. ಹೇಗೆ ಅಂತ ಹೇಳಿಕೊಡಿ."

ಅಕ್ಕ ಪೆಟ್ಟಿಗೆಯಿಂದ ಹೆಚ್ಚುವರಿ ರೆಕ್ಕೆ ತೆಗೆದಿಟ್ಟು ಕೈಪಿಡಿ ತೆರೆದಳು. ತಂಗಿ ಚಿಮಟಿಗೆಯನ್ನು ಒರೆಸಿ ಆಕೆಯ ಕೈಗಿತ್ತಳು.